ಒಂದನೇ ತರಗತಿಗೆ ಸೇರುವ ಮಗಳು, ಊರಿನಲ್ಲಿ ಅಪ್ಪನ ಭೀಮರಥ ಶಾಂತಿ: ಜರ್ಮನಿಯ ಶಾಲಾ ರಜೆಗೆ ಇದನ್ನು ಹೊಂದಿಸುವುದು ಹೇಗೆ?

ಹಾಸನದವನು (ಮ್ಯೂನಿಕ್)

ಎಲ್ಲರಿಗೂ ನಮಸ್ಕಾರ. ನಮಗೆ ಇಬ್ಬರು ಮಕ್ಕಳು. ದೊಡ್ಡವಳು ಈ ಸೆಪ್ಟೆಂಬರ್‌ನಲ್ಲಿ ಒಂದನೇ ತರಗತಿಗೆ ಸೇರುತ್ತಾಳೆ, ಚಿಕ್ಕವನು ಇನ್ನೂ ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದಾನೆ. ಇಷ್ಟು ವರ್ಷ ನಾವು ಕಚೇರಿಯ ರಜೆಯನ್ನೂ ಟಿಕೆಟ್ ದರವನ್ನೂ ನೋಡಿಕೊಂಡು ಜನವರಿಯಲ್ಲೋ ಫೆಬ್ರವರಿಯಲ್ಲೋ ಊರಿಗೆ ಹೋಗಿಬರುತ್ತಿದ್ದೆವು, ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ವರ್ಷ ಅಪ್ಪನಿಗೆ 69 ತುಂಬಿ 70 ಹಿಡಿಯುತ್ತದೆ. ಭೀಮರಥ ಶಾಂತಿಯನ್ನು ಕಾರ್ತಿಕ ಮಾಸದಲ್ಲಿ, ಅಂದರೆ ನವೆಂಬರ್ ಕೊನೆಯ ವಾರದಲ್ಲಿ ಮಾಡಬೇಕೆಂದು ಊರಿನಲ್ಲಿ ನಿಶ್ಚಯಿಸಿದ್ದಾರೆ. ಮಾರ್ಚ್‌ನಲ್ಲಿ ಮಗಳ ಹೆಸರು ನೋಂದಾಯಿಸಲು ಶಾಲೆಗೆ ಹೋದಾಗ, ಆಗ ಹತ್ತು ದಿನ ರಜೆ ಸಿಗುವುದೇ ಎಂದು ವಿಚಾರಿಸಿದೆ. ಹಬ್ಬಕ್ಕೆ ಒಂದು ದಿನವಾದರೆ ಅರ್ಜಿ ಕೊಡಿ, ನೋಡೋಣ, ಆದರೆ ಮೊದಲ ವರ್ಷದ ಮೊದಲ ತಿಂಗಳುಗಳಲ್ಲಿ ಹತ್ತು ದಿನದ ಪ್ರವಾಸಕ್ಕೆ ಅನುಮತಿ ಇಲ್ಲ ಎಂದು ಬಹಳ ಸೌಜನ್ಯದಿಂದಲೇ ಹೇಳಿದರು. ಇಲ್ಲಿನ ಸ್ನೇಹಿತರೊಬ್ಬರು, ಹುಷಾರಿಲ್ಲವೆಂದು ಫೋನ್ ಮಾಡಿ ಹೊರಟುಬಿಡಿ, ಎಲ್ಲರೂ ಮಾಡುವುದೇ ಅದು ಎನ್ನುತ್ತಾರೆ. ಅನುಭವವಿರುವವರು ಏನು ಮಾಡಿದ್ದೀರಿ?

ಕಾವೇರಿತೀರ (ನ್ಯೂರೆಂಬರ್ಗ್)

ಎಲ್ಲರೂ ಮಾಡುವುದು ಅದೇ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಇಲ್ಲಿ ಮಗುವನ್ನು ಶಾಲೆಗೆ ಕಳುಹಿಸುವುದು ಕಾನೂನಿನ ಕಡ್ಡಾಯ. ಅದಕ್ಕೆ ಶೂಲ್‌ಫ್ಲಿಖ್ಟ್ ಎನ್ನುತ್ತಾರೆ. ಮನೆಯಲ್ಲೇ ಪಾಠ ಹೇಳಿಕೊಡುತ್ತೇವೆ ಎಂದರೂ ಈ ದೇಶ ಒಪ್ಪುವುದಿಲ್ಲ. ಅನುಮತಿಯಿಲ್ಲದೆ ಮಗುವನ್ನು ಬಿಡಿಸಿಕೊಂಡು ಹೋದರೆ ನಾವಿರುವ ಬವೇರಿಯಾ ರಾಜ್ಯದಲ್ಲಿ 1,000 ಯೂರೋವರೆಗೆ ದಂಡ ವಿಧಿಸಬಹುದು. 2018ರ ಮೇ ತಿಂಗಳಲ್ಲಿ ಪಿಂಗ್‌ಸ್ಟನ್ ಎಂಬ ಕ್ರೈಸ್ತ ಹಬ್ಬದ ರಜೆ ಶುರುವಾಗುವ ಮುನ್ನ ಮೆಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಶಾಲಾ ವಯಸ್ಸಿನ ಮಕ್ಕಳಿರುವ ಕುಟುಂಬಗಳನ್ನು ತಡೆದು ವಿಚಾರಿಸಿದ್ದು ದೇಶವಿಡೀ ಸುದ್ದಿಯಾಗಿತ್ತು. ಅಂತಹ ತಪಾಸಣೆ ದಿನವೂ ನಡೆಯುವುದಿಲ್ಲ, ನಿಜ. ಆದರೆ ಪಾಸ್‌ಪೋರ್ಟ್ ಸರದಿಯಲ್ಲಿ ಮಗುವಿನ ಮುಂದೆ ಉತ್ತರ ತಡವರಿಸುವ ಪರಿಸ್ಥಿತಿಯನ್ನು ತಂದುಕೊಳ್ಳುವುದಾದರೂ ಏಕೆ?

ಕೊಡಚಾದ್ರಿ (ಸ್ಟುಟ್‌ಗಾರ್ಟ್)

ಕ್ಷಮಿಸಿ, ನನಗೆ ಈ ಭಯಭಕ್ತಿ ಅರ್ಥವಾಗುವುದಿಲ್ಲ. ಒಂದನೇ ತರಗತಿಯ ನವೆಂಬರ್‌ನಲ್ಲಿ ಮಕ್ಕಳು ಕಲಿಯುವುದು ನಾಲ್ಕಾರು ಅಕ್ಷರ ಮತ್ತು ಹತ್ತರೊಳಗಿನ ಕೂಡುವ ಲೆಕ್ಕ, ಅಷ್ಟೇ. ಅದನ್ನು ಹಾಸನದ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು ಎರಡು ಮಧ್ಯಾಹ್ನಗಳಲ್ಲಿ ಹೇಳಿಕೊಡಬಹುದು. ಅಜ್ಜನ ಎಪ್ಪತ್ತರ ಶಾಂತಿ ಮತ್ತೊಮ್ಮೆ ಬರುವುದಿಲ್ಲ. ಕಲಶದ ನೀರು ಅಜ್ಜನ ತಲೆಯ ಮೇಲೆ ಬೀಳುವಾಗ ಮೊಮ್ಮಗಳು ಪಕ್ಕದಲ್ಲಿ ನಿಂತಿರಬೇಕೇ ಹೊರತು ವಿಡಿಯೋ ಕರೆಯಲ್ಲಿ ನೋಡಬಾರದು. ದಂಡ ಬಂದರೆ ಕಟ್ಟಿದರಾಯಿತು, ಟಿಕೆಟ್ಟಿನ ಖರ್ಚಿಗೆ ಸೇರಿಸಿಕೊಳ್ಳಿ.

ಗೆಜ್ಜೆವಸ್ತ್ರ (ಆಗ್ಸ್‌ಬರ್ಗ್)

ದಂಡದ ಹಣ ಇಲ್ಲಿ ಮುಖ್ಯವಲ್ಲ. ನಾನು ಒಂದು ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ, ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಿದ್ದೇನೆ. ಅಲ್ಲಿ ಸೋಮವಾರ ಬೆಳಿಗ್ಗೆ ಮಕ್ಕಳೆಲ್ಲ ನೆಲದ ಮೇಲೆ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ, ಒಂದು ನುಣುಪು ಕಲ್ಲು ಕೈಯಿಂದ ಕೈಗೆ ದಾಟುತ್ತದೆ, ಕಲ್ಲು ಯಾರ ಕೈಯಲ್ಲಿದೆಯೋ ಆ ಮಗು ತಾನು ಎಲ್ಲಿಗೆ ಹೋಗಿದ್ದೆ, ಏನು ತಿಂದೆ, ಯಾರು ಬಂದಿದ್ದರು ಎಂಬುದನ್ನೆಲ್ಲ ಹೇಳುತ್ತದೆ. ಹತ್ತು ದಿನ ಜ್ವರದಲ್ಲಿ ಮಲಗಿದ್ದ ಮಗು, ಕೈತುಂಬ ಮೆಹಂದಿ ಹಾಕಿಕೊಂಡು ಬಂದು ಅಜ್ಜನ ಮನೆಯ ಹೋಮದ ಹೊಗೆ, ಚಿಕ್ಕಪ್ಪನ ಸ್ಕೂಟರ್, ಹೋಳಿಗೆ ಊಟ ಎಂದು ವರ್ಣಿಸಿದರೆ ಶಿಕ್ಷಕಿ ಏನು ತಿಳಿದುಕೊಳ್ಳಬೇಕು? ಅದನ್ನು ಹೇಳಬೇಡ ಎಂದು ಮಗುವಿಗೆ ಮೊದಲೇ ತಾಕೀತು ಮಾಡಿದರೆ, ಊರಿಗೆ ಹೋಗುವುದೇ ಮುಚ್ಚಿಡಬೇಕಾದ ವಿಷಯ ಎಂದು ನಾವೇ ಅವಳಿಗೆ ಕಲಿಸಿದಂತಾಗುತ್ತದೆ. ನನ್ನ ಆಕ್ಷೇಪವಿರುವುದು ಇದಕ್ಕೆ.

ಕೊಡಚಾದ್ರಿ (ಸ್ಟುಟ್‌ಗಾರ್ಟ್)

ಸುಳ್ಳು ಹೇಳಿ ಎಂದು ನಾನು ಎಲ್ಲಿ ಬರೆದೆ? ಹೇಳಿಯೇ ಹೋಗಿ, ದಂಡ ಕಟ್ಟಿ ಎಂದೆ.

ಕಾವೇರಿತೀರ (ನ್ಯೂರೆಂಬರ್ಗ್)

ಬೇಡವೆಂದವರಿಗೆ ಹೇಳಿಯೇ ಹೋಗುವುದು ಇನ್ನೂ ಕಷ್ಟದ ದಾರಿ. ಮುಂದಿನ ನಾಲ್ಕು ವರ್ಷ ಮಗು ಅದೇ ಶಾಲೆಯಲ್ಲಿ ಓದಬೇಕು.

ಬೆಣ್ಣೆದೋಸೆ (ಡ್ಯೂಸೆಲ್ಡಾರ್ಫ್)

ನೀವು ಬವೇರಿಯಾದವರು ಕೊರಗುವುದನ್ನು ಕಂಡರೆ ನನಗೆ ನಗು ಬರುತ್ತದೆ. ಉಳಿದ 14 ರಾಜ್ಯಗಳ ಬೇಸಿಗೆ ರಜೆ ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಎಲ್ಲರೂ ಒಂದೇ ದಿನ ಹೆದ್ದಾರಿಗೆ ಇಳಿಯಬಾರದೆಂಬುದು ಅದರ ಹಿಂದಿನ ಲೆಕ್ಕಾಚಾರ. ಬವೇರಿಯಾ ಮತ್ತು ಬಾಡನ್-ವ್ಯೂರ್ಟೆಂಬರ್ಗ್ ಮಾತ್ರ ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದವರೆಗಿನ ಕಾಲವನ್ನು ಬಿಟ್ಟುಕೊಡುವುದಿಲ್ಲ. ಕಳೆದ ವರ್ಷ ನಮ್ಮ ಕಡೆ ಬೇಸಿಗೆ ರಜೆ 2025ರ ಆಗಸ್ಟ್ 26ಕ್ಕೆ ಮುಗಿಯಿತು. ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ ಇತ್ತು. ಒಂದೇ ಒಂದು ದಿನ! ಮಕ್ಕಳು ಬೀದಿ ಗಣಪತಿಯ ಚಪ್ಪರ ಕಟ್ಟುವುದನ್ನು ನೋಡಿ, ಗಣಪತಿಯನ್ನು ನೋಡದೆ ವಿಮಾನ ಹತ್ತಿದರು. ನೀವಾದರೋ ಸೆಪ್ಟೆಂಬರ್ 15ರವರೆಗೆ ಊರಿನಲ್ಲೇ ಇದ್ದು ಕಡುಬು ತಿಂದುಕೊಂಡು ಬಂದಿರಿ.

ಗೆಜ್ಜೆವಸ್ತ್ರ (ಆಗ್ಸ್‌ಬರ್ಗ್)

ಈ ವರ್ಷ ನಮ್ಮ ಸರದಿ, ಸಮಾಧಾನಪಡಿ. 2026ರಲ್ಲಿ ಗಣೇಶನ ಹಬ್ಬ ಸೆಪ್ಟೆಂಬರ್ 14, ಸೋಮವಾರ. ನಮ್ಮ ರಜೆಯ ಕೊನೆಯ ದಿನವೂ ಅದೇ. ಬೆಂಗಳೂರಿನಿಂದ ನಡುರಾತ್ರಿ ದಾಟಿ ಹೊರಡುವ ವಿಮಾನ ಮ್ಯೂನಿಕ್‌ನಲ್ಲಿ ಇಳಿಯುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿರುತ್ತದೆ. ಅದರಲ್ಲೂ ಮೂಲ ಬರಹದವರ ಮಗಳಿಗೆ 15ನೇ ತಾರೀಕು ಶಾಲೆಯ ಮೊಟ್ಟಮೊದಲ ದಿನ. ತನ್ನಷ್ಟೇ ಎತ್ತರದ ಶಂಕುವಿನಾಕಾರದ ಮಿಠಾಯಿ ಪೊಟ್ಟಣ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುವ ಆ ದಿನವನ್ನು ಯಾವ ಮಗುವೂ ತಪ್ಪಿಸಿಕೊಳ್ಳಲು ಒಪ್ಪುವುದಿಲ್ಲ. ದೀಪಾವಳಿಯೂ ಹಾಗೆಯೇ: ಶರತ್ಕಾಲದ ರಜೆ ನವೆಂಬರ್ 2ರಿಂದ 6ರವರೆಗೆ, ನರಕ ಚತುರ್ದಶಿ 8ನೇ ತಾರೀಕು ಭಾನುವಾರ. ಎಣ್ಣೆಸ್ನಾನ ಭಾನುವಾರ ಬೆಳಿಗ್ಗೆ, ಶಾಲೆ ಸೋಮವಾರ ಬೆಳಿಗ್ಗೆ.

ಬೆಣ್ಣೆದೋಸೆ (ಡ್ಯೂಸೆಲ್ಡಾರ್ಫ್)

ಹಾಗಾದರೆ ನಾವು ದಸರೆಗೆ ಹೋಗುತ್ತೇವೆ. ನಮ್ಮ ಶರತ್ಕಾಲದ ರಜೆ ಅಕ್ಟೋಬರ್ 17ರಿಂದ 31, ವಿಜಯದಶಮಿಯೂ ಅದರೊಳಗೇ ಬರುತ್ತದೆ. ಜಂಬೂಸವಾರಿಯ ಚಿತ್ರ ಕಳುಹಿಸುತ್ತೇನೆ, ನೋಡಿ ಹೊಟ್ಟೆಯುರಿದುಕೊಳ್ಳಿ.

ತುಂಗಾಪಾನ (ಫ್ರಾಂಕ್‌ಫರ್ಟ್)

ಹಬ್ಬದ ದಿನ ಕೂಡಿಬಂದರೆ ಸಾಲದು, ಊರಿನಲ್ಲಿ ಮಕ್ಕಳೂ ಸಿಗಬೇಕು. ಇದನ್ನು ಯಾರೂ ಹೇಳುತ್ತಿಲ್ಲ. ನಾವು ಆಗಸ್ಟ್‌ನಲ್ಲಿ ಹೋದಾಗಲೆಲ್ಲ ಅಣ್ಣನ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನ್ ಹತ್ತಿದರೆ ಸಂಜೆ ಟ್ಯೂಷನ್ ಮುಗಿಸಿ ಬರುವುದು ಏಳಕ್ಕೆ. ನಮ್ಮ ಮಕ್ಕಳು ಮಳೆ ಸುರಿಯುವ ಅಂಗಳವನ್ನು ನೋಡುತ್ತಾ, ದಿನವಿಡೀ ದೊಡ್ಡವರ ನಡುವೆ, ಕಾಫಿ ಕುಡಿಯುವ ವಯಸ್ಸೂ ಇಲ್ಲದೆ ಕುಳಿತಿರುತ್ತಾರೆ. ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ನಾವು ಮಾವಿನ ತೋಪಿನಲ್ಲಿ ಕಳೆದ ದಿನಗಳನ್ನು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ, ಆದರೆ ಕರೆದುಕೊಂಡು ಹೋಗುವುದು ಮಾವೂ ಇಲ್ಲದ, ಜೊತೆಗಾರರೂ ಇಲ್ಲದ ತಿಂಗಳಿನಲ್ಲಿ. ಕಳೆದ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿದ್ದರಿಂದ ನಮ್ಮ ರಜೆಯೂ ಅವರ ರಜೆಯೂ ಕೂಡಿಬಂದವು. ನನ್ನ ಮಗ ಕನ್ನಡದಲ್ಲಿ ಜಗಳವಾಡಲು ಕಲಿತಿದ್ದು ಆ ದಿನಗಳಲ್ಲಿ, ಹೊಲದ ಕ್ರಿಕೆಟ್‌ನಲ್ಲಿ ಔಟ್ ಆದರೂ ಆಗಿಲ್ಲವೆಂದು ವಾದಿಸುತ್ತಾ. ನಾವು ವಾರಾಂತ್ಯಗಳಲ್ಲಿ ಮನೆಯಲ್ಲಿ ಕೂರಿಸಿ ಕಲಿಸಿದ ಕನ್ನಡ ಒಮ್ಮೆಯೂ ಅಷ್ಟು ನಿರರ್ಗಳವಾಗಿ ಹೊರಬಂದಿರಲಿಲ್ಲ.

ಮಲ್ಲಿಗೆಮೊಗ್ಗು (ಬರ್ಲಿನ್)

ರಜೆ ಯಾವಾಗ ಬರುತ್ತದೆ ಎಂಬ ಚರ್ಚೆ ಸರಿ, ಅದನ್ನು ತುಂಬಿಸುವುದು ಹೇಗೆ ಎಂಬುದನ್ನೂ ಯಾರಾದರೂ ಹೇಳಿ. 1964ರ ಹ್ಯಾಂಬರ್ಗ್ ಒಪ್ಪಂದದ ಪ್ರಕಾರ ಶಾಲಾ ಮಕ್ಕಳಿಗೆ ಶನಿವಾರವೂ ಸೇರಿ ವರ್ಷಕ್ಕೆ 75 ಕೆಲಸದ ದಿನಗಳ ರಜೆ. ಉದ್ಯೋಗಿಗಳಿಗೆ ವಾರಕ್ಕೆ ಐದು ದಿನ ಕೆಲಸವಿದ್ದರೆ ಕಾನೂನು ಕೊಡಿಸುವುದು ಕನಿಷ್ಠ 20 ದಿನ. ಒಳ್ಳೆಯ ಕಂಪನಿಯಾದರೆ 30. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಊರಿಗೆ ಹೋದರೆ ಉಳಿದ ರಜೆಗಳಲ್ಲಿ ಮಗುವನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಹಾಗಾಗಿ ನಮ್ಮಲ್ಲಿ ಎರಡು ವಾರ ನಾನು, ಎರಡು ವಾರ ಅವರು, ಊರಿಗೂ ಒಬ್ಬೊಬ್ಬರೇ. ಬವೇರಿಯಾದವರಿಗೆ ಇದರ ಜೊತೆಗೆ ನವೆಂಬರ್‌ನಲ್ಲಿ ಬುಸ್ ಉಂಡ್ ಬೆಟ್‌ಟಾಗ್ (ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನ) ಎಂಬ ಬುಧವಾರ ಬೇರೆ ಇದೆ, ಅಂದು ಶಾಲೆಗೆ ರಜೆ, ಕಚೇರಿಗೆ ರಜೆಯಿಲ್ಲ. ಯಾರ ಪಶ್ಚಾತ್ತಾಪಕ್ಕಾಗಿ ಆ ದಿನವನ್ನು ಇಟ್ಟಿದ್ದಾರೋ ಗೊತ್ತಿಲ್ಲ, ಪಡುವವರು ಮಾತ್ರ ತಾಯಂದಿರು.

ಅಡಿಕೆತೋಟ (ಹ್ಯಾಂಬರ್ಗ್)

ನಾವು ಅಪ್ಪ ಅಮ್ಮನನ್ನು ಬೇಸಿಗೆಯಲ್ಲಿ ಇಲ್ಲಿಗೇ ಕರೆಸಿಕೊಳ್ಳುತ್ತೇವೆ. ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು, ಆರು ವಾರದ ಬೇಸಿಗೆ ರಜೆ ಅದರಲ್ಲಿ ಸಲೀಸಾಗಿ ಕಳೆಯುತ್ತದೆ. ವಿದೇಶಿಯರ ಕಚೇರಿಯಿಂದ ನಾವೇ ಖರ್ಚಿನ ಹೊಣೆ ಹೊರುತ್ತೇವೆಂಬ ಪತ್ರ ಪಡೆಯಲು 29 ಯೂರೋ, ಅದರ ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಮಕ್ಕಳಿಗೆ ಕನ್ನಡವೂ ಸಿಗುತ್ತದೆ, ಚಿತ್ರಾನ್ನವೂ ಸಿಗುತ್ತದೆ.

ಮಲ್ಲಿಗೆಮೊಗ್ಗು (ಬರ್ಲಿನ್)

ಅವರಿಗೆ ಏನು ಸಿಗುತ್ತದೆ? ನಮ್ಮ ಅತ್ತೆ ಬಂದಾಗ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದವು, ಪಕ್ಕದ ಮನೆಯವರ ಭಾಷೆ ಬರುತ್ತಿರಲಿಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಎರಡು ಮಕ್ಕಳನ್ನು ಸಂಭಾಳಿಸಿ ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅಜ್ಜ ಅಜ್ಜಿಯರನ್ನು ಕರೆಸಿಕೊಳ್ಳುವುದು ಬೇರೆ, ರಜೆಯ ಶಿಶುವಿಹಾರಕ್ಕೆ ನೇಮಿಸಿಕೊಳ್ಳುವುದು ಬೇರೆ.

ಅಡಿಕೆತೋಟ (ಹ್ಯಾಂಬರ್ಗ್)

ನಮ್ಮ ಮನೆಯಲ್ಲಿ ಅಪ್ಪನೇ ವೀಸಾ ಯಾವಾಗ ಎಂದು ಫೆಬ್ರವರಿಯಿಂದ ಕೇಳಲಾರಂಭಿಸುತ್ತಾರೆ. ಎಲ್ಲರ ಮನೆಯ ಹಿರಿಯರೂ ಒಂದೇ ತರಹ ಇರುವುದಿಲ್ಲ.

ಬೆಣ್ಣೆದೋಸೆ (ಡ್ಯೂಸೆಲ್ಡಾರ್ಫ್)

ದೀಪಾವಳಿಯ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಇಲ್ಲಿ ಪಟಾಕಿಯನ್ನು ಡಿಸೆಂಬರ್ 31 ಮತ್ತು ಜನವರಿ 1 ಬಿಟ್ಟು ಬೇರೆ ದಿನ ಹಚ್ಚುವಂತಿಲ್ಲವಲ್ಲ, ಊರಿಗೆ ಹೋಗದವರು ಮಕ್ಕಳಿಗೆ ಏನು ಮಾಡುತ್ತೀರಿ?

ಗೆಜ್ಜೆವಸ್ತ್ರ (ಆಗ್ಸ್‌ಬರ್ಗ್)

ಸದ್ದು ಮಾಡುವ ದೊಡ್ಡ ಪಟಾಕಿಗಳಿಗೆ ಮಾತ್ರ ಆ ನಿರ್ಬಂಧ. ಸುರುಸುರು ಬತ್ತಿಯಂತಹ ಮೊದಲ ವರ್ಗದವು ವರ್ಷವಿಡೀ ಸಿಗುತ್ತವೆ, ಕೊಳ್ಳುವವರಿಗೆ 12 ವರ್ಷ ತುಂಬಿರಬೇಕು ಅಷ್ಟೇ. ನವೆಂಬರ್ 11ರ ಸಂತ ಮಾರ್ಟಿನ್ ಮೆರವಣಿಗೆಗೆ ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳೇ ಬಣ್ಣದ ಕಾಗದ ಅಂಟಿಸಿ ಕಂದೀಲು ಮಾಡುತ್ತಾರೆ. ಹೋದ ವರ್ಷ ಮೆರವಣಿಗೆ ಮುಗಿದ ಮೇಲೆ ಅದೇ ಕಂದೀಲು ನಮ್ಮ ಬಾಲ್ಕನಿಯಲ್ಲಿ ಆಕಾಶಬುಟ್ಟಿಯಾಯಿತು. ಕಡ್ಡಿಯ ತುದಿಯಲ್ಲಿ ಬ್ಯಾಟರಿ ದೀಪ, ಒಂದು ಬದಿಗೆ ಮಗ ಬರೆದ ಮುಳ್ಳುಹಂದಿ, ಇನ್ನೊಂದು ಬದಿಗೆ ನಾನು ಬರೆದ ರಂಗೋಲಿ. ಈ ವರ್ಷ ಬಲಿಪಾಡ್ಯಮಿ ಆ ಮೆರವಣಿಗೆಯ ಹಿಂದಿನ ದಿನವೇ ಬರುವುದರಿಂದ ಎರಡಕ್ಕೂ ಒಂದೇ ಕಂದೀಲು ಸಾಕು.

ಪಂಚಾಂಗಪ್ರಿಯ (ಕಾರ್ಲ್ಸ್‌ರೂಹ)

ಮೂಲ ಪ್ರಶ್ನೆಗೆ ಹಿಂದಿರುಗೋಣ. ಎಲ್ಲರೂ ಶಾಲೆಯ ಕ್ಯಾಲೆಂಡರನ್ನೇ ತಿರುವುತ್ತಿದ್ದೀರಿ, ಯಾರೂ ಪಂಚಾಂಗ ತೆರೆಯುತ್ತಿಲ್ಲ. ಶಾಂತಿಯನ್ನು ಜನ್ಮನಕ್ಷತ್ರದ ದಿನ ಮಾಡುವುದು ರೂಢಿ. ಅದೇ ನಕ್ಷತ್ರ ಸುಮಾರು 27 ದಿನಗಳಿಗೊಮ್ಮೆ ಬರುತ್ತದೆ. ಜನ್ಮಮಾಸದಲ್ಲಿ ಆಗದಿದ್ದರೆ ಎಪ್ಪತ್ತನೆಯ ವರ್ಷದೊಳಗೆ ಬೇರೆ ಪ್ರಶಸ್ತ ಮಾಸದಲ್ಲಿ ಅದೇ ನಕ್ಷತ್ರದ ದಿನ ಮಾಡಿರುವುದನ್ನು ನಾನೇ ನಾಲ್ಕಾರು ಮನೆಗಳಲ್ಲಿ ಕಂಡಿದ್ದೇನೆ. ನಿಮ್ಮ ಮನೆಯ ಪುರೋಹಿತರನ್ನು ಕೇಳಿ.

ಕೊಡಚಾದ್ರಿ (ಸ್ಟುಟ್‌ಗಾರ್ಟ್)

ಅಂದರೆ ಜರ್ಮನಿಯ ಶಿಕ್ಷಣ ಇಲಾಖೆಗಾಗಿ ಅಜ್ಜನ ಮುಹೂರ್ತವನ್ನೇ ಬದಲಿಸಬೇಕೇ? ಚೆನ್ನಾಗಿದೆ!

ಪಂಚಾಂಗಪ್ರಿಯ (ಕಾರ್ಲ್ಸ್‌ರೂಹ)

ಛತ್ರ ಸಿಗಲಿಲ್ಲವೆಂದು, ಅಡುಗೆಯವರು ಸಿಗಲಿಲ್ಲವೆಂದು ಮುಹೂರ್ತ ಬದಲಿಸುವುದಿಲ್ಲವೇ? ಮೊಮ್ಮಗಳು ಅಡುಗೆಯವರಿಗಿಂತ ಕಡಿಮೆಯೇ?

ಹಾಸನದವನು (ಮ್ಯೂನಿಕ್)

ಈ ಸಲಹೆ ನನಗೆ ಹಿಡಿಸಿತು. ಹಾಗಾದರೆ ಕ್ರಿಸ್‌ಮಸ್ ರಜೆಯಲ್ಲಿ ಇಟ್ಟುಕೊಳ್ಳಬಹುದೇ? ಡಿಸೆಂಬರ್ 24ರಿಂದ ಜನವರಿ 8ರವರೆಗೆ ನಮಗೆ ಬಿಡುವಿದೆ.

ಪಂಚಾಂಗಪ್ರಿಯ (ಕಾರ್ಲ್ಸ್‌ರೂಹ)

ಅದು ಪೂರ್ತಿ ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆ, ಉಪನಯನ, ಗೃಹಪ್ರವೇಶ ಯಾವುದನ್ನೂ ಇಡುವುದಿಲ್ಲ, ನಿಮ್ಮ ತಂದೆಯವರೂ ಒಪ್ಪಲಾರರು. ಯೂರೋಪಿನಲ್ಲಿರುವ ನಮ್ಮವರಿಗೆ ವರ್ಷದ ಅತ್ಯಂತ ಅನುಕೂಲದ ಎರಡು ವಾರಗಳು ಹುಗ್ಗಿ ತಿಂದು ಬರುವುದಕ್ಕೆ ಮಾತ್ರ ಒದಗುತ್ತವೆ. ಬೇಸಿಗೆ ರಜೆಯಲ್ಲಿ ಈ ವರ್ಷ ಅಧಿಕ ಜ್ಯೇಷ್ಠ ಬಂದಿರುವುದರಿಂದ ಆಷಾಢ ಆಗಸ್ಟ್ 12ರವರೆಗೆ ಎಳೆಯುತ್ತದೆ. ಅಲ್ಲಿಂದ ಸೆಪ್ಟೆಂಬರ್ 11ರವರೆಗೆ ಶ್ರಾವಣ. ಆದರೆ ನಿಮ್ಮ ತಂದೆಯವರಿಗೆ ಆಗಿನ್ನೂ 69 ತುಂಬಿರುವುದಿಲ್ಲ. ಮುಂಚಿತವಾಗಿ ಮಾಡುವ ಕ್ರಮವಿಲ್ಲ, ಆದ್ದರಿಂದ ನೀವು ನೋಡಬೇಕಾದದ್ದು 2027ನ್ನು.

ಗೆಜ್ಜೆವಸ್ತ್ರ (ಆಗ್ಸ್‌ಬರ್ಗ್)

2027ರಲ್ಲಿ ಪಿಂಗ್‌ಸ್ಟನ್ ರಜೆ! ಬವೇರಿಯಾಕ್ಕೆ ಮೇ 18ರಿಂದ 28. ಅದು ವೈಶಾಖ ಮಾಸ, ಕರ್ನಾಟಕದ ಶಾಲೆಗಳು ಇನ್ನೂ ತೆರೆದಿರುವುದಿಲ್ಲ, ಮಾವು ಹಲಸು ಎರಡೂ ಇರುತ್ತವೆ. ತುಂಗಾಪಾನ ಅವರು ಮೇಲೆ ಹೇಳಿದ ಕೊರತೆಯೂ ಇರುವುದಿಲ್ಲ. ಈ ಎರಡು ವಾರದ ರಜೆ ಬವೇರಿಯಾಕ್ಕೂ ಬಾಡನ್-ವ್ಯೂರ್ಟೆಂಬರ್ಗ್‌ಗೂ ಇರುವುದರಿಂದಲೇ ನಮ್ಮ ಬೇಸಿಗೆ ರಜೆ ಅಷ್ಟು ತಡ.

ತುಂಗಾಪಾನ (ಫ್ರಾಂಕ್‌ಫರ್ಟ್)

ಹಾಸನದಲ್ಲಿ ಮೇ ತಿಂಗಳು ಸಹಿಸಬಹುದಾದದ್ದು. ನಮ್ಮ ಮಾವನ ಮನೆ ರಾಯಚೂರಿನಲ್ಲಿದೆ, ಮೇ ಎಂದರೆ ಮಕ್ಕಳು ಮಧ್ಯಾಹ್ನವೆಲ್ಲ ಕೂಲರ್ ಮುಂದೆಯೇ ಕುಳಿತಿರಬೇಕು.

ಹಾಸನದವನು (ಮ್ಯೂನಿಕ್)

ನಿನ್ನೆ ರಾತ್ರಿ ಅಪ್ಪನೊಂದಿಗೆ ಮಾತನಾಡಿದೆ. ಪುರೋಹಿತರು ವೈಶಾಖಕ್ಕೆ ಒಪ್ಪಿದ್ದಾರೆ, ಮೇ 18ರಿಂದ 28ರೊಳಗೆ ನಕ್ಷತ್ರವೂ ಸಿಗುತ್ತದಂತೆ, ದಿನವನ್ನು ಹೊಸ ಪಂಚಾಂಗ ಬಂದ ಮೇಲೆ ಖಚಿತಪಡಿಸುತ್ತಾರೆ. ಅಪ್ಪನಿಗೆ ಮೊದಲು ಸ್ವಲ್ಪ ಬೇಸರವಾಯಿತು. ಬಳಿಕ ಹುಟ್ಟಿದ ದಿನ ಕಾರ್ತಿಕದಲ್ಲಿ ಮನೆಯಲ್ಲೇ ಒಂದು ಆಯುಷ್ಯ ಹೋಮ ಮಾಡಿಸಿ, ದೊಡ್ಡದನ್ನು ಮೇ ತಿಂಗಳಿಗೆ ಇಟ್ಟುಕೊಳ್ಳೋಣ ಎಂದು ತಾವೇ ಹೇಳಿದರು. ಆದರೆ ಹೊಸ ತೊಡಕು ಎದುರಾಗಿದೆ. ಅಕ್ಕ ಕಲೋನ್‌ನಲ್ಲಿದ್ದಾಳೆ, ಅವಳ ಮಗ ಮೂರನೇ ತರಗತಿ. ಅವರಿಗೆ ಪಿಂಗ್‌ಸ್ಟನ್ ರಜೆಯೇ ಇಲ್ಲವಂತೆ.

ಬೆಣ್ಣೆದೋಸೆ (ಡ್ಯೂಸೆಲ್ಡಾರ್ಫ್)

ಇದೆ, ಸೋಮವಾರದ ಜೊತೆಗೆ ಒಂದು ಮಂಗಳವಾರ. ಅದನ್ನು ರಜೆ ಎನ್ನುವುದಾದರೆ. ನಿಮ್ಮ ಅಕ್ಕನಿಗೆ ನನ್ನ ಸಲಹೆ ಇಷ್ಟು: 2027ರ ಮೇ 27 ಗುರುವಾರ ಫ್ರಾನ್‌ಲೈಷ್ನಾಮ್ ಎಂಬ ಕ್ರೈಸ್ತ ಹಬ್ಬ, ಕಲೋನ್ ಸೇರಿದ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ರಜೆ. ಮರುದಿನದ ಶುಕ್ರವಾರವನ್ನು ಬಹಳಷ್ಟು ಶಾಲೆಗಳು ತಮ್ಮ ಕೈಯಲ್ಲಿರುವ ಐಚ್ಛಿಕ ರಜೆಯಿಂದ ಕೊಡುತ್ತವೆ. ಅವರ ಶಾಲೆ ಕೊಡುತ್ತದೆಯೇ ಎಂದು ಈಗಲೇ ವಿಚಾರಿಸಲಿ. ಬುಧವಾರ ಸಂಜೆ ಹೊರಟರೆ ನಾಲ್ಕು ದಿನ ಸಿಗುತ್ತದೆ.

ಮಲ್ಲಿಗೆಮೊಗ್ಗು (ಬರ್ಲಿನ್)

ನಾಲ್ಕು ದಿನಕ್ಕಾಗಿ ಎಂಟು ವರ್ಷದ ಹುಡುಗನನ್ನು ಎರಡು ರಾತ್ರಿ ವಿಮಾನದಲ್ಲಿ ಕೂರಿಸುವುದೇ? ಅಕ್ಕ ಒಬ್ಬರೇ ಹೋಗಿಬರಲಿ.

ಕಾವೇರಿತೀರ (ನ್ಯೂರೆಂಬರ್ಗ್)

ಅದಕ್ಕೂ ಮೊದಲು ಅವರು ಶಾಲೆಗೆ ನೇರವಾಗಿ ಅರ್ಜಿ ಕೊಟ್ಟು ನೋಡಲಿ. ಹತ್ತು ದಿನ ಕೇಳುವುದಕ್ಕೂ ಅಜ್ಜನ ಎಪ್ಪತ್ತರ ಶಾಂತಿಗೆಂದು ರಜೆಯ ಪಕ್ಕದ ಎರಡು ದಿನ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ರಜೆಗೆ ಅಂಟಿಕೊಂಡ ದಿನಗಳನ್ನು ಕೊಡಲು ಶಾಲೆಗಳು ಹಿಂಜರಿಯುತ್ತವೆ, ಆದರೆ ನಿರ್ಧಾರ ಮುಖ್ಯೋಪಾಧ್ಯಾಯರ ವಿವೇಚನೆಗೆ ಬಿಟ್ಟದ್ದು. ಆಹ್ವಾನ ಪತ್ರಿಕೆಯನ್ನು ಜರ್ಮನ್ ಭಾಷೆಯಲ್ಲೂ ಮುದ್ರಿಸಿ ಅರ್ಜಿಯ ಜೊತೆ ಲಗತ್ತಿಸಲಿ. ನಮ್ಮ ಪರಿಚಿತರೊಬ್ಬರಿಗೆ ತಂಗಿಯ ಮದುವೆಗೆ ಹಾಗೆಯೇ ಅನುಮತಿ ಸಿಕ್ಕಿತು.

ಕೊಡಚಾದ್ರಿ (ಸ್ಟುಟ್‌ಗಾರ್ಟ್)

ಮೇ ತಿಂಗಳ ಟಿಕೆಟ್‌ಗಳ ಮಾರಾಟ ಹೆಚ್ಚುಕಡಿಮೆ ಒಂದು ವರ್ಷ ಮೊದಲೇ ತೆರೆಯುತ್ತದೆ, ಅಂದರೆ ಇನ್ನು ಕೆಲವೇ ವಾರ. ಪಿಂಗ್‌ಸ್ಟನ್‌ಗೆ ಮ್ಯೂನಿಕ್‌ನಿಂದ ಬೆಂಗಳೂರಿನ ನೇರ ವಿಮಾನಕ್ಕೆ ಎಷ್ಟು ಜನ ಕನ್ನಡಿಗರು ಕಾದು ಕುಳಿತಿರುತ್ತಾರೆ ಎಂಬುದು ಈ ಚರ್ಚೆ ಓದಿದವರಿಗೆಲ್ಲ ತಿಳಿದುಹೋಯಿತು. ಚಿಕ್ಕವನಿಗೆ ಎರಡು ವರ್ಷ ದಾಟಿರುವುದರಿಂದ ಅವನಿಗೂ ಪೂರ್ತಿ ಆಸನ ಬೇಕು, ಮರೆಯಬೇಡಿ. ಅಂದಹಾಗೆ, ನನ್ನ ದಂಡದ ಸಲಹೆ ಇದಕ್ಕಿಂತ ಅಗ್ಗವಾಗುತ್ತಿತ್ತೋ ಏನೋ. ಲೆಕ್ಕ ಹಾಕಿ ಹೇಳಿ.